ಬೋಯಾಕ್ಕೆ ಕಟ್ಟಿದ ದೋಣಿ

ನನ್ನ ತಮ್ಮ ಇನ್ನಿಲ್ಲವೆಂಬ ಸುದ್ದಿಯನ್ನು ನಮ್ಮ ಮನೆಗೆ ತಂದವಳು ವೈರ್‌ಲೆಸ್.

ಅದು ಅವಳ ನಿಜವಾದ ಹೆಸರಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವಳು ಕೊನೆಯ ಬೆಂಚಿನಲ್ಲಿ ಕುಳಿತು ಈ ಬೆಂಚಿನ ಸುದ್ದಿಯನ್ನು ಆ ಬೆಂಚಿಗೆ ಮುಟ್ಟಿಸುತ್ತಿದ್ದಳು. ಜೊತೆಯ ಮಕ್ಕಳು ಇಟ್ಟ ಹೆಸರು ಉಳಿದುಕೊಂಡಿತು. ದೊಡ್ಡವಳಾದ ಮೇಲೆ ಬಂದರಿನ ಗೋಪುರದಲ್ಲಿ ಕುಳಿತು ಹಡಗುಗಳೊಡನೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಕೆಲಸವೇ ಅವಳಿಗೆ ಸಿಕ್ಕಿತು. ಅಂಥ ಮಾತಿನ ಮಲ್ಲಿ ಆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು, ಚೌಕಟ್ಟನ್ನು ಹಿಡಿದುಕೊಂಡು, ಬಾಯಿ ತೆರೆಯಲಾರದೆ ಇದ್ದಳು.

ನಾನು ದೇವರ ಮುಂದೆ ಕುಳಿತಿದ್ದೆ. ತಮ್ಮನ ಹೆಂಡತಿ ಚಹಾಕ್ಕೆ ನೀರಿಟ್ಟಿದ್ದಳು. ಹೊರಗೆ ಇನ್ನೂ ಮಂಜು ಕರಗಿರಲಿಲ್ಲ.

"ಟೀಚರ್, ಗಂಟಣ್ಣನ ದೋಣಿ..." ಎಂದಳು.

"ದೋಣಿಗೇನಾಯ್ತು?" ಎಂದು ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ದೋಣಿ ಸಿಕ್ಕಿದೆ ಅಕ್ಕ. ಎರಡು ಹೋಳಾಗಿ ಸಿಕ್ಕಿದೆ."

ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಸೀದು, ಪಕ್ಕದ ಮನೆಯವರು ಬಂದು ಒಲೆ ಆರಿಸಿದರು. ಮಧ್ಯಾಹ್ನದ ಹೊತ್ತಿಗೆ ತಮ್ಮನನ್ನು ಮನೆಗೆ ತಂದರು.

ಅವನನ್ನು ಧಕ್ಕೆಯಲ್ಲಿ, ಎಂದರೆ ದೋಣಿಗಳು ನಿಲ್ಲುವ ಕಟ್ಟೆಯಲ್ಲಿ, ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಹಗ್ಗಕ್ಕೆ ಅವನು ಗಂಟು ಹಾಕಿದರೆ ಬಿರುಗಾಳಿಯೂ ಬಿಚ್ಚಲಾರದು; ಅವನು ಮಾತ್ರ ಒಂದು ಎಳೆತಕ್ಕೆ ಬಿಚ್ಚುತ್ತಿದ್ದ. ಆ ಕೈಚಳಕದ ಮೇಲೆ ಅವನಿಗೆ ಬಹಳ ನಂಬಿಕೆ. ಅವನು ದಿನವೂ ದೋಣಿ ಕಟ್ಟುತ್ತಿದ್ದುದು ಬಂದರಿನ ತಿರುವಿನಲ್ಲಿರುವ ಬೋಯಾಕ್ಕೆ.

ಬೋಯಾ ಎಂದರೆ ನೀರಿನ ಮೇಲೆ ತೇಲುವ ದೊಡ್ಡ ಕಬ್ಬಿಣದ ಪೀಪಾಯಿ. ತಲೆಯ ಮೇಲೆ ದೀಪ, ಕೆಳಗೆ ಸಮುದ್ರದ ತಳಕ್ಕೆ ಬಿಗಿದ ಸರಪಳಿ. ಬಂದರಿನ ಎಲ್ಲೆಯೊಳಗೆ ದೊಡ್ಡ ಹಡಗುಗಳು ಓಡಾಡಲು ತಳವನ್ನು ತೋಡಿ ಆಳ ಮಾಡಿದ ಒಂದು ದಾರಿ ಇದೆ. ಹಡಗು ಆ ದಾರಿ ಬಿಟ್ಟು ಆಚೀಚೆ ಹೋದರೆ ನೆಲಕ್ಕೆ ಕೂರುತ್ತದೆ. ಆ ದಾರಿಯ ಅಂಚು ಎಲ್ಲಿದೆ ಎಂದು ತೋರಿಸುವುದಕ್ಕೇ ಬೋಯಾ ಇರುವುದು. ಆದರೆ ಅದರ ಸರಪಳಿಗೆ ಪಾಚಿಯೂ ಚಿಪ್ಪೂ ಹತ್ತಿಕೊಳ್ಳುತ್ತವೆ, ಪಾಚಿಗೆ ಸಣ್ಣ ಮೀನು ಬರುತ್ತದೆ, ಸಣ್ಣದರ ಬೆನ್ನಿಗೆ ದೊಡ್ಡದು. ಗಾಳ ಹಾಕುವವರಿಗೆ ಅಂಥ ಜಾಗ ಇನ್ನೊಂದಿಲ್ಲ. ಬೋಯಾಕ್ಕೆ ದೋಣಿ ಕಟ್ಟಬಾರದು ಎಂದು ಬಂದರಿನ ನಿಯಮವಿದೆ. ಧಕ್ಕೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೂ ಇದೆ. ಆ ಗೋಡೆಗೆ ಒರಗಿ ನಿಂತೇ ನಮ್ಮವರು ಬೀಡಿ ಸೇದುತ್ತಾರೆ.

ನನ್ನ ತಮ್ಮ ಹೇಳುತ್ತಿದ್ದುದು ಹೀಗೆ: "ಅಕ್ಕ, ಹಡಗಿನವನು ಎಲ್ಲಿ ಬೇಕಾದ್ರೂ ಗುದ್ದಿಯಾನು, ಬೋಯಾಕ್ಕೆ ಮಾತ್ರ ಗುದ್ದಲ್ಲ. ಅದು ಅವನ ಕೈಕೋಲು. ಕುರುಡ ಕೂಡ ತನ್ನ ಕೋಲಿಗೆ ಎಡವಲ್ಲ. ಅಂದ್ಮೇಲೆ ಬೋಯಾಕ್ಕೆ ಕಟ್ಟಿದ ದೋಣಿಗಿಂತ ಭದ್ರವಾದ ದೋಣಿ ಯಾವುದಿದೆ?"

ಕೇಳಿದರೆ ಯಾರಿಗಾದರೂ ಸರಿ ಎನ್ನಿಸುವ ಮಾತು. ಧಕ್ಕೆಯಲ್ಲಿ ಎಲ್ಲರೂ ಅದನ್ನು ನಂಬಿದ್ದರು.

ಆ ಬೆಳಿಗ್ಗೆ ಮಂಜಿನಲ್ಲಿ ಬಂದ ಹಡಗೂ ಬೋಯಾಕ್ಕೆ ಗುದ್ದಲಿಲ್ಲ; ದೋಣಿಗೆ ಗುದ್ದಿತು. ಬೋಯಾ ಇದ್ದಲ್ಲೇ ಇತ್ತು. ಅದರ ಬಳೆಯಲ್ಲಿ ತಮ್ಮ ಹಾಕಿದ ಗಂಟು ಹಾಗೆಯೇ ಬಿಗಿಯಾಗಿತ್ತು. ದೋಣಿಯ ಭಾರವನ್ನು ನೀರಿನ ಹರಿವು ಎಳೆದು ಎಳೆದು ಗಂಟು ಕಲ್ಲಿನಂತಾಗಿತ್ತು. ಬಂದರಿನವರು ಅದನ್ನು ಚಾಕುವಿನಿಂದ ಕೊಯ್ದು ತೆಗೆದರಂತೆ.

ದುಃಖದ ದಿನಗಳು ಕಳೆದವು. ತಮ್ಮನ ಮಗ, ಎಂದರೆ ನನ್ನ ಅಳಿಯ, ಕೊಟ್ಟಿಗೆಯಲ್ಲಿ ಕವುಚಿ ಹಾಕಿದ್ದ ಹಳೆಯ ದೋಣಿಯನ್ನು ಎತ್ತಿ ನಿಲ್ಲಿಸಿದ. ಸಂದುಗಳಿಗೆ ಹತ್ತಿ ತುರುಕಿ, ಡಾಂಬರು ಬಳಿದ, ಇಂಜಿನ್ ಕೂರಿಸಿದ. ಅವನಿಗೆ ಜೊತೆಯಾದವನು ಉದ್ದಣ್ಣ. ಇವನು ನನ್ನ ತಮ್ಮನೊಡನೆ ದೋಣಿಯಲ್ಲಿ ದುಡಿದ ಹಳೆಯ ಗೆಳೆಯ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರ. ಆ ಬೆಳಿಗ್ಗೆ ಜ್ವರ ಬಂದು ಮಲಗಿದ್ದನಾದ್ದರಿಂದ ಬದುಕಿದ.

"ನಾಳೆಯಿಂದ ಹೋಗ್ತೀನಿ, ಅಮ್ಮ," ಎಂದ ಅಳಿಯ, ಊಟಕ್ಕೆ ಕುಳಿತಾಗ.

"ಎಲ್ಲಿಗೆ?" ಎಂದಳು ತಾಯಿ.

"ಅಪ್ಪ ಎಲ್ಲಿಗೆ ಹೋಗ್ತಿದ್ನೋ ಅಲ್ಲಿಗೆ. ತಿರುವಿನ ಬೋಯಾಕ್ಕೆ."

ಅವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. "ಆ ಜಾಗ ಒಂದು ಬಿಟ್ಟು ಎಲ್ಲಿಗಾದ್ರೂ ಹೋಗು."

"ಬಿಟ್ರೆ ಅಪ್ಪನೇ ತಪ್ಪು ಮಾಡಿದ ಅಂತ ಒಪ್ಕೊಂಡ ಹಾಗೆ. ನಾನು ಹುಟ್ಟೋಕೆ ಮುಂಚಿನಿಂದ ಅಲ್ಲೇ ಕಟ್ತಿದ್ದ ಅಪ್ಪ. ಒಂದು ದಿನವಾದ್ರೂ ಏನಾದ್ರೂ ಆಗಿತ್ತಾ? ಅವತ್ತು ಹಡಗಿನವನು ತೂಕಡಿಸ್ತಿದ್ದ, ಇಲ್ಲ ಗೋಪುರದವರು ತೂಕಡಿಸ್ತಿದ್ರು."

ಉದ್ದಣ್ಣ ಅನ್ನ ಕಲಸುತ್ತಲೇ ತಲೆಯಾಡಿಸಿದ. "ಅದೇ ನಾನೂ ಹೇಳೋದು ಟೀಚರಮ್ಮ. ದೊಡ್ಡೋರು ತುಳಿದ್ರೆ ಅದು ನಡಿಗೆ. ನಾವು ಕಾಲಿಗೆ ಸಿಕ್ಕಿದ್ರೆ ಅದು ಅಪರಾಧ."

ನಾನು ಓದು ಬರಹ ಕಲಿಸಿದವಳೇ ಹೊರತು ಹಡಗಿನ ವಿಷಯ ನನಗೆ ತಿಳಿಯದು. ತಮ್ಮನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಉತ್ತರ ಕೊಡಬೇಕೆಂದು ಸಂಜೆ ನಾನು ವೈರ್‌ಲೆಸ್‌ಳ ಮನೆಗೆ ಹೋಗಿ ಅವಳನ್ನು ಕರೆತಂದೆ.

ಅವಳು ಬಂದು ಜಗುಲಿಯಲ್ಲಿ ಕುಳಿತಳು. ಅಳಿಯ ಕೂರಲಿಲ್ಲ.

"ಗೋಪುರದಲ್ಲಿ ಅಷ್ಟು ದೊಡ್ಡ ಯಂತ್ರ ಇಟ್ಕೊಂಡಿದ್ದೀರಲ್ಲ," ಎಂದ. "ಮಂಜಿನಲ್ಲೂ ಎಲ್ಲಾ ಕಾಣುತ್ತೆ ಅಂತೀರಿ. ಅವತ್ತು ನಮ್ಮಪ್ಪ ಕಾಣ್ಲಿಲ್ವಾ?"

"ಬೋಯಾ ಕಾಣ್ತು," ಎಂದಳು ಅವಳು.

"ದೋಣಿ?"

"ದೋಣಿ ಕಾಣ್ಲಿಲ್ಲ."

"ಬೋಯಾ ಕಂಡವರಿಗೆ ಅದರ ಪಕ್ಕದಲ್ಲಿರೋ ದೋಣಿ ಕಾಣಲ್ವಾ? ಯಾರ ಕಿವಿಗೆ ಹೂವು ಇಡ್ತೀರಿ?"

"ವೈರ್‌ಲೆಸ್ಸಿನಲ್ಲಿ ಕೂಗಿದೆ ಕಣಪ್ಪ. ಮಂಜಿದೆ, ಹಡಗು ಒಳಗೆ ಬರ್ತಿದೆ, ದಾರಿಯಲ್ಲಿ ಯಾರಿದ್ರೂ ಹೊರಗೆ ಹೋಗಿ ಅಂತ. ನಿಮ್ಮಪ್ಪನ ವೈರ್‌ಲೆಸ್ ಆರಿಸಿತ್ತು."

ಉದ್ದಣ್ಣ ಗಂಟಲು ಸರಿಮಾಡಿಕೊಂಡ. "ಅದು ಗೊರಗೊರ ಅನ್ನುತ್ತೆ, ಮೀನು ಓಡುತ್ತೆ ಅಂತ ಆರಿಸ್ತಿದ್ವಿ."

"ಮೀನಿಗೆ ಕಿವಿ ಇದೆ, ನಿಮಗಿಲ್ಲ," ಎಂದಳು ವೈರ್‌ಲೆಸ್. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು.

ಅಳಿಯನ ಧ್ವನಿ ಏರಿತು. "ಅಂದ್ರೆ ಅಪ್ಪಂದೇ ತಪ್ಪು ಅಂತೀರಾ?"

"ನಿಮ್ಮಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ತಪ್ಪು ಅಂತ ನಾನು ಹೇಳಲ್ಲ. ನಿನಗೂ ಗೊತ್ತಾಗೋದು ಬೇಡ್ವಾ? ಸಾಹೇಬರನ್ನ ಕೇಳಿ ಅನುಮತಿ ತಗೋತೀನಿ. ಗೋಪುರಕ್ಕೆ ಬಂದು ನಿನ್ನ ಕಣ್ಣಲ್ಲೇ ನೋಡು."

ಅವನು ಒಪ್ಪಿದ. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ಅವನ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿತ್ತೆಂದು ಆಗ ನಮಗೆ ತಿಳಿಯಲಿಲ್ಲ.

ಅನುಮತಿ ಸಿಕ್ಕಿತು. ಒಂದು ಬೆಳಿಗ್ಗೆ ಅವನೂ ನಾನೂ ಗೋಪುರದ ಮೆಟ್ಟಿಲು ಹತ್ತಿದೆವು. ಮೇಲಿನ ಕೋಣೆಗೆ ನಾಲ್ಕೂ ಕಡೆ ಗಾಜು. ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರ್, ಮೇಜಿನ ಮೇಲೆ ಚಹಾದ ಫ್ಲಾಸ್ಕ್, ಅದರ ಪಕ್ಕದಲ್ಲಿ ಟಿವಿಯಂಥ ಪರದೆ. ಹೊರಗೆ ಆ ದಿನವೂ ಮಂಜಿತ್ತು. ಧಕ್ಕೆ ಕಾಣುತ್ತಿತ್ತು, ತಿರುವು ಕಾಣುತ್ತಿರಲಿಲ್ಲ.

ವೈರ್‌ಲೆಸ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಈ ಗೆರೆ ದಡ. ಈ ಎರಡು ಸಾಲು ಚುಕ್ಕೆ ಇದೆಯಲ್ಲ, ಬೋಯಾಗಳು. ನಡುವೆ ಇರೋದು ಹಡಗಿನ ದಾರಿ."

"ಈ ಓಡಾಡ್ತಿರೋ ಚುಕ್ಕೆ?"

"ಅದ್ಯಾವುದೋ ಸಣ್ಣ ದೋಣಿ. ಧಕ್ಕೆಯಿಂದ ಈಗ ಹೊರಟಿದೆ."

ಅಳಿಯನ ತುಟಿಯಲ್ಲಿ ಸಣ್ಣ ನಗು ಕಂಡಿತು. ಕೈ ಕಟ್ಟಿಕೊಂಡು ಆ ಚುಕ್ಕೆಯನ್ನೇ ನೋಡುತ್ತಾ ನಿಂತ. ಚುಕ್ಕೆ ನಿಧಾನವಾಗಿ ತಿರುವಿನ ಕಡೆಗೆ ಸಾಗಿತು. ಅಷ್ಟರಲ್ಲಿ ಒಂದು ಹಡಗು ಕರೆಯಿತು. ಮಧ್ಯಾಹ್ನ ಒಳಗೆ ಬರಬೇಕಾಗಿದ್ದ ಹಡಗು ಬೇಗ ಬಂದಿತ್ತು. ಪೈಲಟ್ ಆಗಲೇ ಹತ್ತಿದ್ದ. ಬಂದರಿನ ನೀರನ್ನು ಬಲ್ಲವನು, ಹೊರಗಿನಿಂದ ಬಂದ ಹಡಗಿಗೆ ದಾರಿ ಹೇಳುವವನು, ಅವನೇ ಪೈಲಟ್. ವೈರ್‌ಲೆಸ್ ಅವನೊಡನೆ ಮಾತಾಡಲು ಆ ಕಡೆ ತಿರುಗಿದಳು.

ಪರದೆಯ ಮೇಲೆ ಓಡಾಡುವ ಚುಕ್ಕೆ ತಿರುವಿನ ಬೋಯಾದ ಚುಕ್ಕೆಯ ಹತ್ತಿರ ಹೋಯಿತು. ಅದಕ್ಕೆ ತಾಗಿತು. ಆಮೇಲೆ ಅಲ್ಲಿ ಒಂದೇ ಚುಕ್ಕೆ ಉಳಿಯಿತು.

ಅಳಿಯ ಬಗ್ಗಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಎಲ್ಲಿ ಹೋಯ್ತು?" ಎಂದ.

"ಯಾವುದು?" ಎಂದಳು ವೈರ್‌ಲೆಸ್.

"ಆ ದೋಣಿ."

"ಎಲ್ಲೋ ದಡದ ಕಡೆ ಹೋಗಿರ್ಬೇಕು..." ಎನ್ನುತ್ತಾ ತಿರುಗಿದವಳು ಅವನ ಮುಖ ನೋಡಿದಳು. "ಯಾರದು ಆ ದೋಣಿ?"

"ಉದ್ದಣ್ಣ ಮಾಮ," ಎಂದ ಅವನು. "ನಾನೇ ಹೋಗು ಅಂದೆ. ಬೋಯಾಕ್ಕೆ ಕಟ್ಟಿ ನಿಂತ್ಕೋ, ನಿನ್ನನ್ನ ಪರದೆಯಲ್ಲಿ ಇವರಿಗೇ ತೋರಿಸ್ತೀನಿ ಅಂದೆ. ಕಾಣಲ್ಲ ಅಂತ ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡಿದ್ದೆ. ಹಡಗು ಮಧ್ಯಾಹ್ನ ಅಂತಿದ್ರು."

ವೈರ್‌ಲೆಸ್ ಒಂದು ಬೈಗುಳವನ್ನೂ ಆಡಲಿಲ್ಲ. ಮೈಕ್ ಎತ್ತಿಕೊಂಡಳು. "ಪೈಲಟ್ ಸಾಹೇಬರೇ, ತಿರುವಿನ ಬೋಯಾಕ್ಕೆ ಒಂದು ದೋಣಿ ಕಟ್ಟಿದೆ. ಒಳಗೆ ಒಬ್ಬರಿದ್ದಾರೆ. ವೇಗ ಇಳಿಸಿ."

"ಇಳಿಸ್ತಿದ್ದೀನಿ," ಎಂದಿತು ಆ ಕಡೆಯ ಧ್ವನಿ. "ಆದ್ರೆ ನಿಲ್ಲಲ್ಲ ತಾಯಿ, ತಿರುವಿಗೆ ಬಂದಾಗಿದೆ. ಈಗ ತಿರುಗದಿದ್ರೆ ನೆಲಕ್ಕೆ ಕೂರುತ್ತೆ. ನನಗೆ ಬೋಯಾ ಮಾತ್ರ ಕಾಣ್ತಿದೆ. ಅವನನ್ನ ಎಬ್ಬಿಸಿ."

ಅವಳು ದೋಣಿಯನ್ನು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಮಂಜಿನೊಳಗಿಂದ ಹಡಗಿನ ಹಾರ್ನ್ ಕೇಳಿಸಿತು: ಸಣ್ಣ ಸಣ್ಣದಾಗಿ, ಒಂದರ ಹಿಂದೊಂದು, ಐದು ಸಲ. ಅಳಿಯನ ಕೈ ಆಗಲೇ ಮೊಬೈಲಿನ ಮೇಲಿತ್ತು.

ಉದ್ದಣ್ಣ ಫೋನ್ ಎತ್ತಿದ. ಅವನ ದೊಡ್ಡ ಗಂಟಲು ನನಗೂ ಕೇಳಿಸುತ್ತಿತ್ತು. "ಏನೋ, ಕಾಣ್ತಿದ್ದೀನಾ? ಕೈ ಬೀಸ್ಲಾ?"

"ಮಾಮ, ಬಿಚ್ಚು! ಹಡಗು ಬರ್ತಿದೆ!"

"ಯಾವ ಹಡಗು? ಮಂಜು ಬಿಟ್ರೆ ಇಲ್ಲೇನೂ ಇಲ್ಲ. ಯಾರೋ ಹಾರ್ನ್ ಬಡೀತಿದ್ದಾನೆ, ಯಾರಿಗೆ ಬೈತಿದ್ದಾನೋ."

"ನಿನಗೇ ಮಾಮ! ಬಿಚ್ಚು!"

"ಇರು, ಇರು... ಇದು ಕಚ್ಕೊಂಡು ಕೂತಿದೆ. ಹರಿವು ಎಳೀತಿದೆ ಕಣೋ, ಗಂಟು ಬರ್ತಿಲ್ಲ."

ವೈರ್‌ಲೆಸ್ ಫೋನನ್ನು ಕಿತ್ತುಕೊಂಡಳು. "ಬಿಚ್ಚಬೇಡಿ, ಕೊಯ್ಯಿರಿ! ಹಗ್ಗ ಕೊಯ್ದು, ಇಂಜಿನ್ ಹಾಕಿ ದಡದ ಕಡೆ ಹೋಗಿ. ಹಡಗಿನ ದಾರಿಗೆ ಅಡ್ಡ ಬರಬೇಡಿ, ದಡದ ಕಡೆ!"

ಆಮೇಲೆ ಫೋನಿನಲ್ಲಿ ಮಾತು ಕೇಳಿಸಲಿಲ್ಲ. ಏನೋ ಬಿದ್ದ ಸದ್ದು, ನೀರಿನ ಸದ್ದು, ಅಷ್ಟೇ. ನಾವು ಮೂವರೂ ಪರದೆಯನ್ನು ನೋಡುತ್ತಾ ನಿಂತೆವು. ಹಡಗಿನ ಗುರುತು ಉದ್ದಕ್ಕೆ, ದಪ್ಪಕ್ಕೆ, ತಿರುವಿನಲ್ಲಿ ಹೊರಳುತ್ತಾ ಬರುತ್ತಿತ್ತು. ಬೋಯಾದ ಚುಕ್ಕೆ ಒಂದೇ ಒಂದಾಗಿ ಅಲುಗಾಡದೆ ಕುಳಿತಿತ್ತು. ನಾನು ದೇವರ ನಾಮವನ್ನು ಹೇಳಿಕೊಳ್ಳುತ್ತಿದ್ದೆ. ಅಳಿಯ "ಅಪ್ಪಾ, ಅಪ್ಪಾ" ಎನ್ನುತ್ತಿದ್ದ. ತಾನು ಹಾಗೆನ್ನುತ್ತಿದ್ದೇನೆಂದು ಅವನಿಗೆ ತಿಳಿದಿರಲಾರದು.

ಕೊನೆಗೆ ಆ ಚುಕ್ಕೆ ಮರಿ ಹಾಕಿತು. ಸಣ್ಣದೊಂದು ಚುಕ್ಕೆ ಅದರಿಂದ ಬೇರೆಯಾಗಿ ದಡದ ಕಡೆಗೆ ಸರಿಯಿತು. ಎರಡು ಚುಕ್ಕೆ. ಅವುಗಳ ನಡುವೆ ಕಪ್ಪು ಜಾಗ ಅಗಲವಾಗುತ್ತಾ ಹೋಯಿತು. ಹಡಗಿನ ಹಿಂಭಾಗ ತಿರುವಿನಲ್ಲಿ ಹೊರಕ್ಕೆ ಬೀಸಿ ಬೋಯಾದ ಪಕ್ಕವನ್ನೇ ಸವರಿಕೊಂಡು ಹೋಯಿತು.

ಅಳಿಯ ನೆಲದ ಮೇಲೆ ಕುಳಿತುಬಿಟ್ಟ. ವೈರ್‌ಲೆಸ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಅವನ ಕೈಗೆ ಕೊಟ್ಟಳು.

"ಅವತ್ತೂ ಹೀಗೇನಾ?" ಎಂದು ಅವನು ಕೇಳಿದ.

"ಹೀಗೇ. ಒಂದೇ ಚುಕ್ಕೆ ಇತ್ತು. ಹಡಗಿನವನ ಪರದೆಯಲ್ಲೂ ಅಷ್ಟೇ. ಬೋಯಾ ಇರಬೇಕಾದಲ್ಲಿ ಬೋಯಾ ಇದೆ ಅಂತ ಅವನು ತಿರುಗಿದ. ಬೇರೆ ಕಡೆ ಇದ್ದಿದ್ರೆ, ಇದೇನೋ ಚುಕ್ಕೆ ಅಂತ ಅವನೂ ನೋಡ್ತಿದ್ದ, ನಾನೂ ನೋಡ್ತಿದ್ದೆ. ಬೋಯಾದ ಹತ್ತಿರ ಮಾತ್ರ ಯಾರಿಗೂ ಸಂಶಯ ಬರಲ್ಲ." ಮತ್ತೆ ಹೇಳಿದಳು: "ಹಡಗು ಬೋಯಾಕ್ಕೆ ಗುದ್ದಲ್ಲ, ನಿಜ. ಆದ್ರೆ ದೋಣಿ ಬೋಯಾದ ಮೇಲೆ ಕೂತಿರಲ್ವಲ್ಲ. ಹಗ್ಗ ಎಷ್ಟುದ್ದವೋ ಅಷ್ಟು ದೂರ, ಹರಿವು ಎಳೆದ ಕಡೆ ನಿಂತಿರುತ್ತೆ. ಅವತ್ತು ಹರಿವು ಎಳೀತಿದ್ದದ್ದು ದಾರಿಯ ಒಳಕ್ಕೆ."

ಮಂಜು ಕರಗಿದ ಮೇಲೆ ಬಂದರಿನ ಕಾವಲು ದೋಣಿಯವರು ಉದ್ದಣ್ಣನನ್ನು ಕರೆದು ಕೂರಿಸಿ ಬುದ್ಧಿ ಹೇಳಿದರು. ಇನ್ನೊಮ್ಮೆ ಬೋಯಾದಲ್ಲಿ ಕಂಡರೆ ದೋಣಿಯ ಪರವಾನಗಿ ರದ್ದು ಎಂದರು. ಅವನು ನಮ್ಮ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಆ ದಿನ ತಲೆ ಬಗ್ಗಿಸುವುದನ್ನು ಮರೆತು ಬಾಗಿಲಿಗೆ ಹಣೆ ಹೊಡೆದುಕೊಂಡ.

"ಹಡಗಿನಿಂದ ಉಳಿದ ತಲೆ," ಎಂದ, ಹಣೆ ಉಜ್ಜಿಕೊಳ್ಳುತ್ತಾ. "ಬಾಗಿಲಿಗೆ ಕೊಟ್ಟೆ."

ಯಾರೂ ನಗಲಿಲ್ಲ. ಆಮೇಲೆ ತಮ್ಮನ ಹೆಂಡತಿ ನಕ್ಕಳು. ಅಷ್ಟು ದಿನದಲ್ಲಿ ಅದೇ ಮೊದಲು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನನ್ನು ಕೇಳಿದಳು: "ನೋಡಿದೆಯಾ?"

"ನೋಡಿದೆ ಅಮ್ಮ," ಎಂದ ಅವನು. "ಕಾಣ್ಲಿಲ್ಲ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಅವನೇ ಹೇಳಿದ: "ಅಪ್ಪನಿಗೆ ಯಾರಾದ್ರೂ ಆ ಪರದೆ ತೋರಿಸಿದ್ರೆ ಅವನೂ ಕಟ್ತಿರಲಿಲ್ಲ. ಅಪ್ಪ ದಡ್ಡನಲ್ಲ."

"ದಡ್ಡನಲ್ಲ," ಎಂದಳು ಅವಳು.

ಈಗ ಅಳಿಯ ಬಂದರಿನ ಎಲ್ಲೆಯಾಚೆ ಗಾಳ ಹಾಕುತ್ತಾನೆ. ಮೀನು ಬೋಯಾದಲ್ಲಿ ಸಿಗುವಷ್ಟು ಸಿಗುವುದಿಲ್ಲ. ಇಂಜಿನ್ನಿಗೆ ಎಣ್ಣೆಯೂ ಹೆಚ್ಚು ಬೇಕು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅವನು ಮನೆಗೆ ಬರುತ್ತಾನೆ. ಧಕ್ಕೆಯಲ್ಲಿ ಯಾರಾದರೂ "ಬೋಯಾಕ್ಕಿಂತ ಭದ್ರ ಯಾವುದು" ಎಂದರೆ ಉದ್ದಣ್ಣ ಅವರನ್ನು ಕೂರಿಸಿಕೊಂಡು ಎರಡು ಅವರೆಕಾಳನ್ನು ಅಂಗೈಯಲ್ಲಿಟ್ಟು, ಒಂದರ ಪಕ್ಕಕ್ಕೆ ಒಂದನ್ನು ತಳ್ಳಿ, ಅಷ್ಟು ದೂರ ನಿಂತು ನೋಡು, ಎಷ್ಟು ಕಾಣುತ್ತದೆ ಹೇಳು ಎನ್ನುತ್ತಾನೆ. ವೈರ್‌ಲೆಸ್ ತಿಂಗಳಿಗೊಂದು ಬಾರಿ ದೋಣಿಯವರನ್ನು ಗೋಪುರಕ್ಕೆ ಕರೆಯುತ್ತಾಳೆ. ಮೆಟ್ಟಿಲು ಹತ್ತುವಾಗ ಗೊಣಗುವವರು ಇಳಿಯುವಾಗ ಮಾತಾಡುವುದಿಲ್ಲ.

ದೋಣಿ ನಡೆಸುವ ಅಣ್ಣತಮ್ಮಂದಿರೇ, ಅವರ ದಾರಿ ಕಾಯುವ ತಾಯಂದಿರೇ, ಹೆಣ್ಣುಮಕ್ಕಳೇ, ಈ ಮುದುಕಿಯ ಮಾತನ್ನು ಕೇಳಿ. ಬೋಯಾ ಹಡಗಿಗೆ ದಾರಿ ತೋರಿಸಲು ಇರುವುದು; ಅದಕ್ಕೆ ದೋಣಿ ಕಟ್ಟಬೇಡಿ. ಹಡಗಿನ ದಾರಿಯಲ್ಲಿ ಲಂಗರು ಬಿಡಬೇಡಿ, ಬಲೆ ಹರಡಬೇಡಿ. ದಾಟಲೇಬೇಕಾದರೆ ಓರೆಯಾಗಿ ಹೋಗದೆ ನೇರವಾಗಿ, ಬೇಗ, ಹಡಗು ಹೋದ ಮೇಲೆ ಅದರ ಹಿಂದಿನಿಂದ ದಾಟಿ. ಮುಂದಿನಿಂದ ನುಸುಳುವ ಪಂದ್ಯ ಬೇಡ. ನೀವು ಹಡಗನ್ನು ಕಂಡಿರೆಂದರೆ ಹಡಗೂ ನಿಮ್ಮನ್ನು ಕಂಡಿತೆಂದು ತಿಳಿಯಬೇಡಿ. ಕಂಡರೂ ಅದು ಬಸ್ಸಿನಂತೆ ನಿಲ್ಲಲಾರದು. ಕತ್ತಲಲ್ಲಿ, ಮಂಜಿನಲ್ಲಿ ದೀಪ ಹಚ್ಚಿರಿ. ವೈರ್‌ಲೆಸ್ ಇದ್ದರೆ ಆರಿಸಬೇಡಿ. ಹಾರ್ನ್ ಚಿಕ್ಕದಾಗಿ ಐದು ಸಲ ಕೇಳಿಸಿದರೆ ಯಾರಿಗೋ ಬೈಯುತ್ತಿದ್ದಾರೆ ಎನ್ನಬೇಡಿ; ಅದು ಅಪಾಯದ ಕೂಗು, ನಿಮಗೇ ಎಂದುಕೊಂಡು ದಾರಿಯಿಂದ ಸರಿಯಿರಿ. ಲೈಫ್ ಜಾಕೆಟ್ಟನ್ನು ತಲೆದಿಂಬು ಮಾಡಿಕೊಳ್ಳಬೇಡಿ, ಮೈಗೆ ತೊಟ್ಟುಕೊಳ್ಳಿ. ಗೊತ್ತಿಲ್ಲದ್ದನ್ನು ನಿಮ್ಮ ಬಂದರಿನ ಕಚೇರಿಗೆ ಹೋಗಿ ಕೇಳಿ. ಕೇಳಿದವನಿಗೆ ಅವಮಾನವಿಲ್ಲ. ಗೋಡೆಯ ಮೇಲೆ ಬರೆದಿರುವುದನ್ನು ಓದಲು ಬಾರದವರಿಗೆ ಬಲ್ಲವರು ಓದಿ ಹೇಳಿ.

ಹೋದವರನ್ನು ನಿಯಮ ಮರಳಿ ತರುವುದಿಲ್ಲ. ಇರುವವರನ್ನು ಉಳಿಸುತ್ತದೆ.

ಭಗವಂತಾ, ನೀರಿನ ಮೇಲೆ ಬಾಳಿ ನೀರಿನಲ್ಲೇ ಹೋದ ನನ್ನ ತಮ್ಮನನ್ನು ನಿನ್ನ ಬಳಿ ಇರಿಸಿಕೋ. ಅವನು ಯಾರಿಗೂ ಕೇಡು ಬಗೆದವನಲ್ಲ. ಅವನಿಗೆ ಇನ್ನು ಮಂಜಿಲ್ಲದ ಬೆಳಗಿರಲಿ, ಅಲೆಯಿಲ್ಲದ ನೀರಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು.